ವಿಂಡೋಸ್‌ನಲ್ಲಿ ಒಂದು ಫೋಲ್ಡರ್ ಕೇಸ್ ಸೆನ್ಸಿಟಿವ್ ಹೌದೋ ಅಲ್ಲವೋ ಎಂಬುದನ್ನು ಪ್ರೋಗ್ರಾಮಿನಿಂದ ತಿಳಿಯುವುದು ಹೇಗೆ?

ಫೋಲ್ಡರಿನ ಪಾತ್ ಅನ್ನು (ಡ್ರೈವಿನಿಂದ ಅಲ್ಲಿಗೆ ಹೋಗುವ ಪೂರ್ಣ ವಿಳಾಸವನ್ನು) ಪೂರ್ತಿ ದೊಡ್ಡಕ್ಷರಕ್ಕೆ ತಿರುಗಿಸಿ, ಹಾಗೆ ಹುಡುಕಿದರೂ ಫೋಲ್ಡರ್ ಸಿಕ್ಕರೆ ಅದು ಕೇಸ್ ಸೆನ್ಸಿಟಿವ್ (ಹೆಸರುಗಳಲ್ಲಿ ಇಂಗ್ಲಿಷಿನ ದೊಡ್ಡ, ಚಿಕ್ಕ ಅಕ್ಷರಗಳನ್ನು ಬೇರೆಬೇರೆ ಎಂದು ಎಣಿಸುವಂಥದ್ದು) ಅಲ್ಲ ಎಂದು ತೀರ್ಮಾನಿಸಬಹುದೇ, ಇಲ್ಲವೇ ಇದಕ್ಕಿಂತ ಅಚ್ಚುಕಟ್ಟಾದ ದಾರಿಯೊಂದು ಇದೆಯೇ ಎಂದು ಕೇಳಿದ್ದೀರಿ. ಹೀಗೆ ಪರೀಕ್ಷಿಸುವ ನಿಮ್ಮ ಮೂರು ಸಾಲಿನ ಫಂಕ್ಷನ್ ಅನ್ನು ಹೆಚ್ಚುಕಡಿಮೆ ಅದೇ ರೂಪದಲ್ಲಿ ನಾನು 2019ರಲ್ಲಿ ಬರೆದಿದ್ದೆ. ನನ್ನ ಸಹೋದ್ಯೋಗಿಯೊಬ್ಬರ ನಾಲ್ಕು ತಿಂಗಳ ಕೆಲಸವನ್ನು ಅಳಿಸಿಹಾಕಿದ್ದು ಅದೇ ಫಂಕ್ಷನ್.

ಮುಗಿದುಹೋದ ಪ್ರಾಜೆಕ್ಟುಗಳನ್ನು ವಿಂಡೋಸ್ ಕಂಪ್ಯೂಟರಿನಿಂದ ಹೊರಗಿನ ಹಾರ್ಡ್ ಡಿಸ್ಕಿಗೆ ಸಾಗಿಸುವ ಒಂದು ಸಣ್ಣ ಟೂಲ್ ಅನ್ನು ನಾನು ಸಿ ಶಾರ್ಪ್‌ನಲ್ಲಿ ಬರೆದಿದ್ದೆ. ಅದು ಫೈಲುಗಳ ಪಟ್ಟಿ ಮಾಡಿಕೊಂಡು ಒಂದೊಂದನ್ನೇ ನಕಲು ಮಾಡುತ್ತಿತ್ತು, ಪ್ರತಿಯೊಂದು ಹೆಸರೂ ಆಚೆ ಬದಿಯಲ್ಲಿ ಇದೆಯೇ ಎಂದು ನೋಡುತ್ತಿತ್ತು, ಎಲ್ಲವೂ ಇದ್ದರೆ ಮೂಲವನ್ನು ಅಳಿಸುತ್ತಿತ್ತು. ವಿಂಡೋಸ್ 10ರ 1803 ಆವೃತ್ತಿಯಿಂದ, ಅಂದರೆ 2018ರ ಏಪ್ರಿಲ್ ಅಪ್‌ಡೇಟಿನಿಂದ, ವಿಂಡೋಸ್‌ನ ಫೈಲ್ ಸಿಸ್ಟಮ್ (ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ವ್ಯವಸ್ಥೆ) ಆದ ಎನ್‌ಟಿಎಫ್‌ಎಸ್‌ನಲ್ಲಿ ಪ್ರತಿಯೊಂದು ಫೋಲ್ಡರನ್ನೂ ಬೇರೆಬೇರೆಯಾಗಿ ಕೇಸ್ ಸೆನ್ಸಿಟಿವ್ ಮಾಡಬಹುದು ಎಂಬುದು ನನಗೆ ತಿಳಿದಿತ್ತು. ಹೊರಗಿನ ಡಿಸ್ಕ್ ಎಕ್ಸ್‌ಫ್ಯಾಟ್ ಎಂಬ ಇನ್ನೊಂದು ಫೈಲ್ ಸಿಸ್ಟಮ್‌ನದ್ದಾಗಿದ್ದು, ಅದರಲ್ಲಿ ಅಂತಹ ಸೌಲಭ್ಯವಿಲ್ಲ ಎಂಬುದೂ ತಿಳಿದಿತ್ತು. ಆದ್ದರಿಂದಲೇ ನಕಲು ಆರಂಭಿಸುವ ಮೊದಲು ನಿಮ್ಮಂತೆಯೇ ಒಂದು ಪರೀಕ್ಷೆ ಸೇರಿಸಿ, ಫೋಲ್ಡರ್ ಕೇಸ್ ಸೆನ್ಸಿಟಿವ್ ಎಂದು ಕಂಡರೆ ಕೆಲಸ ನಿಲ್ಲಿಸಿ ಬಳಕೆದಾರರನ್ನು ಕೇಳುವಂತೆ ಮಾಡಿದ್ದೆ. ಇಷ್ಟೊಂದು ಮುಂದಾಲೋಚನೆ ಮಾಡಿದ್ದೇನೆಂಬ ಹೆಮ್ಮೆಯೂ ಇತ್ತು.

ಆ ಸಹೋದ್ಯೋಗಿ ವಿಂಡೋಸ್ ಒಳಗಿನ ಲಿನಕ್ಸ್ ಸೌಲಭ್ಯವಾದ ಡಬ್ಲ್ಯುಎಸ್ಎಲ್ ಬಳಸುತ್ತಿದ್ದರು. ತಮ್ಮ ಪ್ರಾಜೆಕ್ಟಿನ ಒಂದು ಒಳಫೋಲ್ಡರಿಗೆ ಮಾತ್ರ ಎಫ್‌ಎಸ್‌ಯುಟಿಲ್ ಆಜ್ಞೆಯಿಂದ ಕೇಸ್ ಸೆನ್ಸಿಟಿವ್ ಗುಣವನ್ನು ಕೊಟ್ಟಿದ್ದರು. ಅದರಲ್ಲಿ 38 ಫೈಲುಗಳಿದ್ದವು, ಹೆಸರುಗಳು ಮಾತ್ರ ಜೋಡಿಜೋಡಿಯಾಗಿದ್ದವು. ಹೆಸರಿನ ಮೊದಲ ಅಕ್ಷರ ಚಿಕ್ಕದಾಗಿದ್ದರೆ ಅದು ಯಂತ್ರ ಹೊರಹಾಕಿದ ಕಚ್ಚಾ ಫಲಿತಾಂಶ. ದೊಡ್ಡದಾಗಿದ್ದರೆ ಅದನ್ನೇ ಅವರು ಕೂತು ಕೈಯಾರೆ ತಿದ್ದಿದ ಪ್ರತಿ. ಹೀಗೆ ಹೆಸರಿಡುವುದು ಒಳ್ಳೆಯ ಅಭ್ಯಾಸವಲ್ಲ ಎಂದು ನೀವು ಹೇಳಬಹುದು, ನಾನೂ ಒಪ್ಪುತ್ತೇನೆ, ಆದರೆ ಫೈಲ್ ಸಿಸ್ಟಮ್ ಅದಕ್ಕೆ ಅವಕಾಶ ಕೊಟ್ಟಿತ್ತು. ಆ ಜೋಡಿ ಹೆಸರುಗಳನ್ನು ನಾನಿಲ್ಲಿ ಕನ್ನಡ ಲಿಪಿಯಲ್ಲಿ ಬರೆದರೆ ಎರಡೂ ಒಂದೇ ರೀತಿ ಕಾಣುತ್ತವೆ. ಎಕ್ಸ್‌ಫ್ಯಾಟ್ ಡಿಸ್ಕಿಗೂ ಹಾಗೆಯೇ ಕಂಡವು.

ಪಟ್ಟಿಯಲ್ಲಿ ದೊಡ್ಡಕ್ಷರದ ಹೆಸರು ಮೊದಲು ಬಂದಿತು, ಅದರ ನಕಲು ಆಯಿತು. ನಂತರ ಚಿಕ್ಕಕ್ಷರದ್ದು ಬಂದಿತು. ಆಚೆ ಬದಿಯಲ್ಲಿ ಆ ಹೆಸರಿನ ಫೈಲ್ ಆಗಲೇ ಇದೆ ಎಂದು ಡಿಸ್ಕ್ ಭಾವಿಸಿದ್ದರಿಂದ ಹೊಸದು ಹಳೆಯದರ ಮೇಲೆಯೇ ಬಿದ್ದಿತು. ಇರುವ ಫೈಲಿನ ಮೇಲೆ ಬರೆದಾಗ ವಿಂಡೋಸ್ ಒಳಗಿನ ವಿಷಯವನ್ನು ಬದಲಿಸುತ್ತದೆಯೇ ಹೊರತು ಹೆಸರಿನ ಅಕ್ಷರರೂಪವನ್ನು ಬದಲಿಸುವುದಿಲ್ಲ. ಹೀಗಾಗಿ ಕೊನೆಗೆ ಉಳಿದ 19 ಫೈಲುಗಳಿಗೆ ತಿದ್ದಿದ ಪ್ರತಿಯ ಹೆಸರಿತ್ತು, ಒಳಗೆ ಕಚ್ಚಾ ಫಲಿತಾಂಶವಿತ್ತು. ಪರಿಶೀಲನೆಯ ಹಂತದಲ್ಲಿ ನನ್ನ ಟೂಲ್ 38 ಸಲ "ಈ ಹೆಸರು ಇದೆಯೇ" ಎಂದು ಕೇಳಿತು, 38 ಸಲವೂ "ಇದೆ" ಎಂಬ ಉತ್ತರ ಬಂದಿತು, ಮೂಲ ಅಳಿಸಿಹೋಯಿತು. ಹೀಗೆ ಪ್ರೋಗ್ರಾಮಿನಿಂದ ನೇರವಾಗಿ ಅಳಿಸಿದ ಫೈಲುಗಳು ರೀಸೈಕಲ್ ಬಿನ್‌ಗೂ ಹೋಗುವುದಿಲ್ಲ. ಕೆಲವು ವಾರಗಳ ನಂತರ ಅವರು ಒಂದು ಫೈಲನ್ನು ತೆರೆದು, ತಾವು ತಿದ್ದಿದ ಸಾಲುಗಳು ಕಾಣದೆ, ಬಹುಶಃ ಇದನ್ನು ತಿದ್ದಲು ಮರೆತಿರಬೇಕೆಂದು ಮತ್ತೆ ತಿದ್ದಲು ಕುಳಿತಿದ್ದರು. ಮೂರನೆಯ ಫೈಲಿನಲ್ಲಿಯೂ ಅದೇ ಕಂಡಾಗ ನನ್ನನ್ನು ಕರೆದರು.

ಈಗ ತಪ್ಪಿನ ವಿಷಯಕ್ಕೆ ಬರುತ್ತೇನೆ. ತುಸು ವಿಸ್ತಾರವಾಗಿಯೇ ಹೇಳುತ್ತೇನೆ, ಏಕೆಂದರೆ ನಿಮ್ಮ ಫಂಕ್ಷನ್‌ನಲ್ಲಿಯೂ ಅದೇ ತಪ್ಪು ಕುಳಿತಿದೆ. ಫೋಲ್ಡರಿನ ಹೆಸರು ಆ ಫೋಲ್ಡರಿನ ಒಳಗೆ ಇರುವುದಿಲ್ಲ, ಅದರ ಮೇಲಿನ ಫೋಲ್ಡರಿನ ಪಟ್ಟಿಯಲ್ಲಿ ಇರುತ್ತದೆ. ತರಗತಿಯ ಹೆಸರು ಶಾಲೆಯ ದಾಖಲೆಯಲ್ಲಿರುತ್ತದೆ, ವಿದ್ಯಾರ್ಥಿಗಳ ಹೆಸರು ತರಗತಿಯ ಹಾಜರಿ ಪುಸ್ತಕದಲ್ಲಿರುತ್ತದೆ, ಅಷ್ಟೇ ಸರಳ ಸಂಗತಿ. ಕೇಸ್ ಸೆನ್ಸಿಟಿವ್ ಗುರುತು ಯಾವ ಫೋಲ್ಡರಿನ ಮೇಲಿದೆಯೋ ಆ ಫೋಲ್ಡರಿನ ಒಳಗಿರುವ ಹೆಸರುಗಳ ಹುಡುಕಾಟಕ್ಕೆ ಮಾತ್ರ ಅದು ಅನ್ವಯಿಸುತ್ತದೆ. ಫೋಲ್ಡರಿನ ಹೆಸರನ್ನೇ ದೊಡ್ಡಕ್ಷರಕ್ಕೆ ತಿರುಗಿಸಿ ಹುಡುಕಿದಾಗ ನಾವು ಪ್ರಶ್ನೆ ಕೇಳುವುದು ಮೇಲಿನ ಫೋಲ್ಡರನ್ನು. ನನ್ನ ಸಹೋದ್ಯೋಗಿಯ ಮೇಲಿನ ಫೋಲ್ಡರ್ ಸಾಮಾನ್ಯದ್ದಾಗಿತ್ತು, ಆದ್ದರಿಂದ "ಭೇದವಿಲ್ಲ" ಎಂದು ಅದು ಪ್ರಾಮಾಣಿಕವಾಗಿಯೇ ಉತ್ತರಿಸಿತು. ಆ ಉತ್ತರವನ್ನು ನಾನು ಒಳಗಿನ ಫೋಲ್ಡರಿಗೆ ಅಂಟಿಸಿಕೊಂಡೆ. ಪಾತ್ ಪೂರ್ತಿಯನ್ನು ತಿರುಗಿಸಿದರೆ ಇನ್ನೂ ಗೊಂದಲ: ಡ್ರೈವಿನಿಂದ ಹಿಡಿದು ದಾರಿಯಲ್ಲಿ ಬರುವ ಪ್ರತಿಯೊಂದು ಫೋಲ್ಡರೂ ಪ್ರಶ್ನೆಗೆ ಒಳಗಾಗುತ್ತದೆ, ಅವುಗಳಲ್ಲಿ ಯಾವುದೋ ಒಂದು ಕೇಸ್ ಸೆನ್ಸಿಟಿವ್ ಆಗಿದ್ದರೂ ಹುಡುಕಾಟ ವಿಫಲವಾಗುತ್ತದೆ, ನೀವು ಕೇಳಬೇಕಾದ ಫೋಲ್ಡರ್ ಮಾತ್ರ ಇಡೀ ವ್ಯವಹಾರದಲ್ಲಿ ಬಾಯಿಯನ್ನೇ ತೆರೆದಿರುವುದಿಲ್ಲ.

ಘಟನೆಯ ನಂತರ ಗಡಿಬಿಡಿಯಲ್ಲಿ ಇನ್ನೆರಡು ಅಡ್ಡದಾರಿಗಳನ್ನೂ ಹಿಡಿದೆ. ಗೆಟ್‌ವಾಲ್ಯೂಮ್‌ಇನ್ಫರ್ಮೇಶನ್ ಫಂಕ್ಷನ್ ಕೊಡುವ ಗುರುತುಗಳಲ್ಲಿ ಫೈಲ್ ಕೇಸ್ ಸೆನ್ಸಿಟಿವ್ ಸರ್ಚ್ ಎಂಬುದೊಂದಿದೆ. ಎನ್‌ಟಿಎಫ್‌ಎಸ್ ಡ್ರೈವ್‌ಗಳು ಆ ಗುರುತನ್ನು ಸದಾ ತೋರಿಸುತ್ತವೆ, ಏಕೆಂದರೆ ಅದರ ಅರ್ಥ "ಈ ಡ್ರೈವಿಗೆ ಆ ಸಾಮರ್ಥ್ಯವಿದೆ" ಎಂದೇ ಹೊರತು ಈ ಫೋಲ್ಡರ್ ಹಾಗೆ ನಡೆದುಕೊಳ್ಳುತ್ತದೆ ಎಂದಲ್ಲ. ಎರಡನೆಯದು, ಫೋಲ್ಡರಿನ ಒಳಗಿರುವ ಯಾವುದೋ ಒಂದು ಫೈಲಿನ ಹೆಸರನ್ನು ತಿರುಗಿಸಿ ಹುಡುಕುವುದು. ಇದು ಸರಿಯಾದ ಫೋಲ್ಡರನ್ನೇ ಕೇಳುತ್ತದೆ, ನಿಜ. ಆದರೆ ತಿರುಗಿಸಿದ ಹೆಸರಿನ ಬೇರೊಂದು ಫೈಲ್ ಅಲ್ಲಿ ನಿಜವಾಗಿಯೂ ಇರಬಹುದು, ನಮ್ಮ ಪ್ರಕರಣದಲ್ಲಿ ಇತ್ತು ಕೂಡ. ಹೆಸರು ಬರೀ ಅಂಕಿಗಳದ್ದಾದರೆ ಅಥವಾ ಕನ್ನಡದ್ದಾದರೆ ತಿರುಗಿಸುವುದಕ್ಕೆ ಏನೂ ಇರುವುದಿಲ್ಲ; ಅದೇ ಹೆಸರು ಮರಳಿ ಬರುತ್ತದೆ, ಅದೇ ಫೈಲ್ ಸಿಗುತ್ತದೆ, ಫಂಕ್ಷನ್ ಧೈರ್ಯವಾಗಿ ತಪ್ಪು ಉತ್ತರ ಕೊಡುತ್ತದೆ.

ಕೇಳಲೇಬೇಕೆಂದಿದ್ದರೆ ನೇರವಾಗಿ ಕೇಳುವ ದಾರಿ ಹೀಗಿದೆ. ಕ್ರಿಯೇಟ್‌ಫೈಲ್ ಫಂಕ್ಷನ್‌ನಿಂದ ಆ ಫೋಲ್ಡರಿನ ಹ್ಯಾಂಡಲ್ (ತೆರೆದ ಫೋಲ್ಡರನ್ನು ಗುರುತಿಸುವ ಸಂಖ್ಯೆ) ಪಡೆಯಿರಿ. ಗುಣಲಕ್ಷಣಗಳನ್ನು ಓದುವ ಅನುಮತಿಯಷ್ಟನ್ನೇ ಬೇಡಿ, ಜೊತೆಗೆ ಬ್ಯಾಕಪ್ ಸಿಮ್ಯಾಂಟಿಕ್ಸ್ ಗುರುತನ್ನು ಕೊಡಿ, ಅದಿಲ್ಲದಿದ್ದರೆ ಫೋಲ್ಡರ್ ತೆರೆಯುವುದೇ ಇಲ್ಲ. ಆ ಹ್ಯಾಂಡಲನ್ನು ಗೆಟ್‌ಫೈಲ್‌ಇನ್ಫರ್ಮೇಶನ್‌ಬೈಹ್ಯಾಂಡಲ್‌ಎಕ್ಸ್ ಫಂಕ್ಷನ್ನಿಗೆ ಕೊಟ್ಟು, ಫೈಲ್‌ಕೇಸ್‌ಸೆನ್ಸಿಟಿವ್‌ಇನ್ಫೋ ಎಂಬ ವರ್ಗವನ್ನು ಕೇಳಿ. ಅದರ ಸಂಖ್ಯೆ 23. ಮರಳಿ ಬರುವುದು ನಾಲ್ಕು ಬೈಟ್, ಅದರ ಕೊನೆಯ ಬಿಟ್ 1 ಆಗಿದ್ದರೆ ಆ ಫೋಲ್ಡರ್ ಕೇಸ್ ಸೆನ್ಸಿಟಿವ್. ಹಳೆಯ ವಿಂಡೋಸ್‌ನಲ್ಲಿ ಈ ಕರೆಯೇ ವಿಫಲವಾಗುತ್ತದೆ, ಆ ವೈಫಲ್ಯವನ್ನು "ಅಲ್ಲ" ಎಂಬ ಉತ್ತರದೊಂದಿಗೆ ಬೆರೆಸದೆ ಬೇರೆಯಾಗಿಯೇ ಹಿಡಿಯಿರಿ. ಕೇಸ್ ಸೆನ್ಸಿಟಿವ್ ಫೋಲ್ಡರಿನಲ್ಲಿ ಹೊಸದಾಗಿ ಮಾಡಿದ ಒಳಫೋಲ್ಡರಿಗೆ ಆ ಗುಣ ತಾನಾಗಿ ಇಳಿದುಬರುತ್ತದೆ, ಮೊದಲೇ ಇದ್ದವಕ್ಕೆ ಬರುವುದಿಲ್ಲ. ಹಾಗಾಗಿ ಬೇರಿನಲ್ಲಿ ಒಮ್ಮೆ ಕೇಳಿ ಇಡೀ ಮರಕ್ಕೆ ಅನ್ವಯಿಸುವಂತಿಲ್ಲ, ಪ್ರತಿಯೊಂದು ಫೋಲ್ಡರನ್ನೂ ಕೇಳಬೇಕು. ಮ್ಯಾಕ್‌ನಲ್ಲಿ ಈ ಗುಣ ಇಡೀ ವಾಲ್ಯೂಮಿನದ್ದು (ಡಿಸ್ಕಿನ ಒಂದು ಭಾಗದ್ದು), ಪಾತ್‌ಕಾನ್ಫ್ ಕರೆಯಿಂದ ತಿಳಿಯುತ್ತದೆ. ಲಿನಕ್ಸ್‌ನಲ್ಲಿ ವಿಷಯ ತಲೆಕೆಳಗು: ಸಾಮಾನ್ಯವಾಗಿ ಎಲ್ಲವೂ ಕೇಸ್ ಸೆನ್ಸಿಟಿವ್, ಆದರೆ 2019ರ 5.2 ಕರ್ನಲ್‌ನಿಂದ ಎಕ್ಸ್ಟ್‌4 ಫೈಲ್ ಸಿಸ್ಟಮ್‌ನಲ್ಲಿ ಖಾಲಿ ಫೋಲ್ಡರೊಂದಕ್ಕೆ ಕೇಸ್‌ಫೋಲ್ಡ್ ಗುರುತು ಹಾಕಿ ಭೇದವನ್ನು ತೆಗೆಯಬಹುದು.

ಇಷ್ಟೆಲ್ಲ ಹೇಳಿದ ಮೇಲೂ, ನೀವು ಈ ಪ್ರಶ್ನೆಯನ್ನು ಕೇಳಬೇಕಾಗಿಯೇ ಇಲ್ಲ ಎಂಬುದು ನನ್ನ ಅಭಿಪ್ರಾಯ. ಫೈಲುಗಳನ್ನು ನಕಲು ಮಾಡುವ ಮೊದಲು ತಿಳಿದುಕೊಳ್ಳಬೇಕು ಎಂದು ನೀವು ಕಾರಣ ಕೊಟ್ಟಿದ್ದೀರಿ. ನನ್ನ ಕಾರಣವೂ ಅದೇ ಆಗಿತ್ತು, ಆದರೆ ಅಲ್ಲಿ ನನ್ನನ್ನು ಕೆಡಿಸಿದ್ದು ಮೂಲ ಫೋಲ್ಡರಿನ ಗುಣವಲ್ಲ, ತಲುಪುವ ಕಡೆ ಎರಡು ಹೆಸರುಗಳು ಡಿಕ್ಕಿ ಹೊಡೆದದ್ದು. ಡಿಕ್ಕಿಯಾಗುತ್ತದೆಯೇ ಎಂದು ನಾವು ಊಹಿಸಬೇಕಿಲ್ಲ, ಫೈಲ್ ಸಿಸ್ಟಮ್ ತಾನೇ ಹೇಳುತ್ತದೆ: "ಹೊಸದಾಗಿ ಮಾತ್ರ ಸೃಷ್ಟಿಸು, ಇದ್ದರೆ ವಿಫಲವಾಗು" ಎಂಬ ವಿಧಾನದಲ್ಲಿ ಫೈಲನ್ನು ತೆರೆದರೆ ಸಾಕು. ಸಿ ಶಾರ್ಪ್ ಬಳಸುವ ಡಾಟ್‌ನೆಟ್‌ನಲ್ಲಿ ಅದು ಕ್ರಿಯೇಟ್‌ನ್ಯೂ, ಪೈಥಾನ್‌ನಲ್ಲಿ ಎಕ್ಸ್ ಮೋಡ್. ಡಾಟ್‌ನೆಟ್‌ನ ಫೈಲ್ ಕಾಪಿ ಕೂಡ ತಾನಾಗಿ ಇದ್ದುದರ ಮೇಲೆ ಬರೆಯುವುದಿಲ್ಲ. ಅದರ ಮೂರನೆಯ ಜಾಗದಲ್ಲಿ "ಟ್ರೂ" ಎಂದು ಬರೆದು ಆ ರಕ್ಷಣೆಯನ್ನು ಕಿತ್ತುಹಾಕಿದವನು ನಾನೇ. (ವಿಂಡೋಸ್‌ನ ಮೂಲ ಕಾಪಿಫೈಲ್ ಫಂಕ್ಷನ್‌ನಲ್ಲಿ ಅದೇ ಮೂರನೆಯ ಜಾಗದ "ಟ್ರೂ"ಗೆ ತದ್ವಿರುದ್ಧ ಅರ್ಥವಿದೆ: ಇದ್ದರೆ ವಿಫಲವಾಗು ಎಂದು. ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಜೋಪಾನ.) ಮೇಲಾಗಿ, ಮೊದಲೇ ಕೇಳಿಟ್ಟುಕೊಂಡ ಉತ್ತರ ಬಳಸುವ ಹೊತ್ತಿಗೆ ಹಳಸಿರಬಹುದು. ಕೋಡಿನ ಆವೃತ್ತಿಗಳನ್ನು ಕಾಯ್ದಿಡುವ ಗಿಟ್ ಈ ಪರೀಕ್ಷೆಯನ್ನು ಮಾಡುತ್ತದೆ, ಅದೂ ಸರಿಯಾದ ಕಡೆ: ಹೊಸ ರೆಪಾಸಿಟರಿ (ಪ್ರಾಜೆಕ್ಟಿನ ಭಂಡಾರ) ಮಾಡುವಾಗ ತಾನೇ ಒಳಗೆ ಬರೆದ ಕಾನ್ಫಿಗ್ ಫೈಲನ್ನು ದೊಡ್ಡಚಿಕ್ಕ ಅಕ್ಷರ ಬೆರೆಸಿದ ಹೆಸರಿನಲ್ಲಿ ಹುಡುಕಿ, ಸಿಕ್ಕರೆ ಇಗ್ನೋರ್‌ಕೇಸ್ ಎಂದು ಬರೆದಿಡುತ್ತದೆ. ಆ ಫೋಲ್ಡರನ್ನು ಬೇರೆ ಬಗೆಯ ಡಿಸ್ಕಿಗೆ ನಕಲು ಮಾಡಿದರೆ ಹಳೆಯ ಉತ್ತರವೂ ಜೊತೆಗೇ ಹೋಗುತ್ತದೆ.

ನನ್ನ ಟೂಲ್‌ನಲ್ಲಿ ಈಗ ಆ ಫಂಕ್ಷನ್ ಇಲ್ಲ. ನಕಲು ಮಾಡುವಾಗ ಹೆಸರು ಆಗಲೇ ಇದೆ ಎಂಬ ಎರರ್ ಬಂದರೆ ಅದು ಅಲ್ಲಿಯೇ ನಿಂತು ಎರಡು ಹೆಸರುಗಳನ್ನೂ ಒಂದರ ಕೆಳಗೊಂದು ತೋರಿಸುತ್ತದೆ, ಮತ್ತು ಎರಡೂ ಬದಿಯ ಎಸ್‌ಎಚ್‌ಎ-256 ಹ್ಯಾಶ್ (ಫೈಲಿನ ವಿಷಯದಿಂದ ಲೆಕ್ಕಹಾಕಿದ, ಬೆರಳಚ್ಚಿನಂಥ ಸಂಖ್ಯೆ) ಹೊಂದದ ಹೊರತು ಮೂಲವನ್ನು ಮುಟ್ಟುವುದಿಲ್ಲ. ನಿಮ್ಮ ಉದ್ದೇಶ ನಕಲು ಮಾಡುವುದಲ್ಲದೆ, ಎರಡು ಪಾತ್‌ಗಳು ಒಂದೇ ಫೈಲನ್ನು ತೋರಿಸುತ್ತಿವೆಯೇ ಎಂದು ತಿಳಿಯುವುದಾಗಿದ್ದರೆ ಆಗಲೂ ಹೆಸರುಗಳನ್ನು ಹೋಲಿಸಬೇಡಿ. ಎರಡನ್ನೂ ತೆರೆದು, ವಾಲ್ಯೂಮಿನ ಸೀರಿಯಲ್ ಸಂಖ್ಯೆ ಮತ್ತು ಫೈಲ್ ಐಡಿ ಎರಡೂ ಒಂದೇ ಆಗಿವೆಯೇ ಎಂದು ನೋಡಿ.