ಹಳೇ ಗ್ರೌಟ್ ಮೇಲೆ ಹೊಸದು ನಿಲ್ಲುತ್ತದೆಯೇ?

ಪ್ರಶ್ನೆ: ನಮ್ಮ ಬಚ್ಚಲುಮನೆಯ ಟೈಲ್ಸ್ ಸಂದುಗಳು ಕಪ್ಪಾಗಿ, ಅಲ್ಲಲ್ಲಿ ಪುಡಿ ಉದುರುತ್ತಿತ್ತು. ಕಳೆದ ವರ್ಷ ಅದರ ಮೇಲೆಯೇ ಹೊಸ ಗ್ರೌಟ್ (ಸಂದು ತುಂಬುವ ಗಾರೆ) ಬಳಿಸಿದೆವು. ಕೆಲವೇ ತಿಂಗಳಲ್ಲಿ ಅದು ಹಕ್ಕಳೆಯಾಗಿ ಎದ್ದುಹೋಯಿತು. ಈ ಸಲ ನಾನೇ ಮಾಡೋಣವೆಂದಿದ್ದೇನೆ. ಹಳೆಯದನ್ನು ಕೆರೆದು ತೆಗೆಯಲೇಬೇಕೆ? ಟೈಲ್ಸ್ ಒಡೆದೀತೆಂಬ ಭಯ.

ಉತ್ತರ: ತೆಗೆಯಲೇಬೇಕಮ್ಮ. ಟೈಲ್ಸ್ ಕೂರಿಸುವುದೇ ನನ್ನ ಕಸುಬು, ಈ ವಿಷಯದಲ್ಲಿ ನನ್ನ ಹತ್ತಿರ ಅಡ್ಡದಾರಿ ಇಲ್ಲ. ಗ್ರೌಟ್ ನಿಲ್ಲುವುದು ಟೈಲ್ಸಿನ ಬದಿಗಳನ್ನು ಕಚ್ಚಿಕೊಂಡು. ಪುಡಿಯಾಗಿರುವ ಹಳೆಯದರ ಮೇಲೆ ಒಂದು ಮಿಲಿಮೀಟರ್ ಬಳಿದರೆ ಅದು ಕಚ್ಚಿಕೊಳ್ಳುವುದಾದರೂ ಯಾವುದನ್ನು? ನಿಮ್ಮಲ್ಲಿ ಆಗಿದ್ದೂ ಅದೇ.

ಕೆರೆಯುವ ಮುಂಚೆ ಬೆರಳ ಗೆಣ್ಣಿನಿಂದ ಒಂದೊಂದೇ ಟೈಲ್ಸ್ ತಟ್ಟಿ ನೋಡಿ. ಟೊಳ್ಳು ಸದ್ದು ಬಂದು, ಒತ್ತಿದಾಗ ಅಲುಗಾಡಿದರೆ ಅದನ್ನು ಎಬ್ಬಿಸಿ ಮತ್ತೆ ಕೂರಿಸಬೇಕು. ಅಲುಗುವ ಟೈಲ್ಸ್ ಪಕ್ಕ ಎಂಥ ಗ್ರೌಟ್ ತುಂಬಿದರೂ ಬಿರುಕು ಬಿಡುತ್ತದೆ. ಕೆಳಗಿನ ಕೋಣೆಯ ಸೂರಿನಲ್ಲಿ ತೇವ ಕಾಣುತ್ತಿದ್ದರಂತೂ ಈ ಕೆಲಸ ಸದ್ಯಕ್ಕೆ ಬೇಡ. ಸಿಮೆಂಟ್ ಗ್ರೌಟ್ ನೀರು ತಡೆಯುವ ಪದರವಲ್ಲ. ಆ ಪದರ ಇರುವುದು ಟೈಲ್ಸಿನ ಅಡಿಯಲ್ಲಿ. ಮೊದಲು ಅದನ್ನು ಪರೀಕ್ಷಿಸಿ.

ಆಳ ಎಷ್ಟು? ಟೈಲ್ಸ್ ದಪ್ಪದಲ್ಲಿ ಮೂರರಲ್ಲಿ ಎರಡು ಪಾಲು. ಟೈಲ್ಸ್ 9 ಮಿ.ಮೀ. ಇದ್ದರೆ 6 ಮಿ.ಮೀ. ಇಳಿಯಿರಿ. ಅದಕ್ಕಿಂತ ಆಳಕ್ಕೆ ಬ್ಲೇಡ್ ಬಿಡಬೇಡಿ, ಅಡಿಯ ಪದರಕ್ಕೆ ಗಾಯವಾದೀತು. ತಳದಲ್ಲಿ ಗಟ್ಟಿಯಾಗಿ ಕೂತ ಚೂರುಪಾರು ಉಳಿದರೆ ನಡೆಯುತ್ತದೆ, ಆದರೆ ಎರಡೂ ಬದಿಗಳು ಸ್ವಚ್ಛವಾಗಿರಬೇಕು. ಹೆಚ್ಚಿನವರು ಸೋಲುವುದು ಇಲ್ಲೇ: ನಡುವೆ ಗೀರಿ, ಬದಿಯಲ್ಲಿ ಹಾಗೇ ಬಿಟ್ಟುಬಿಡುತ್ತಾರೆ.

ಉಳಿ ಸುತ್ತಿಗೆ ಮುಟ್ಟಬೇಡಿ, ಟೈಲ್ಸಿನ ಅಂಚು ಚಕ್ಕೆ ಏಳುತ್ತದೆ. ಆ್ಯಂಗಲ್ ಗ್ರೈಂಡರ್ ವೇಗದ ಯಂತ್ರ, ಕೈ ಒಂಚೂರು ಜಾರಿದರೂ ಟೈಲ್ಸ್ ಮೇಲೆ ಗೆರೆ; ಹೊಸಬರಿಗೆ ಬೇಡ. ಸಣ್ಣ ಜಾಗವಾದರೆ ಕೈಯಲ್ಲಿ ಹಿಡಿದು ಉಜ್ಜುವ ಗ್ರೌಟ್ ಗರಗಸ ಸಾಕು, ತೋಳು ನೋಯುತ್ತದೆ ಅಷ್ಟೇ. ದೊಡ್ಡ ನೆಲಕ್ಕೆ ಬ್ಲೇಡ್ ಅತ್ತಿತ್ತ ಅದುರುವ ಮಲ್ಟಿಟೂಲ್ ಒಳ್ಳೆಯದು. ಕಾರ್ಬೈಡ್ ಅಥವಾ ಡೈಮಂಡ್ ಲೇಪದ ಬ್ಲೇಡ್ ಹಾಕಿ, ಅದರ ದಪ್ಪ ಸಂದಿಗಿಂತ ಕಡಿಮೆ ಇರಲಿ. ಮೊದಲು ಸಂದಿನ ನಡುವೆ ಸೀಳಿ, ಆಮೇಲೆ ಎರಡೂ ಬದಿಗೆ ಬನ್ನಿ. ಸಂದು ಇನ್ನೊಂದು ಟೈಲ್ಸಿಗೆ ತಾಗಿ ಮುಗಿಯುವ ಕಡೆ ಯಂತ್ರವನ್ನು ಸ್ವಲ್ಪ ಮೊದಲೇ ನಿಲ್ಲಿಸಿ, ಉಳಿದದ್ದನ್ನು ಕೈಯಲ್ಲಿ ತೆಗೆಯಿರಿ. ಬಾಗಿಲ ಹಿಂದಿನಂಥ ಕಣ್ಣಿಗೆ ಬೀಳದ ಜಾಗದಲ್ಲಿ ಶುರುಮಾಡಿದರೆ ಕೈ ಪಳಗುತ್ತದೆ.

ಏಳುವ ಧೂಳಿನಲ್ಲಿ ಸಿಲಿಕಾ ಇರುತ್ತದೆ, ಅದು ಶ್ವಾಸಕೋಶದಲ್ಲಿ ಕೂತರೆ ಹೋಗುವುದಿಲ್ಲ. ಬಾಯಿಗೆ ಬಟ್ಟೆ ಕಟ್ಟಿಕೊಂಡರೆ ಸಾಲದು. ಎನ್95 ಮಾಸ್ಕ್, ಕನ್ನಡಕ ಹಾಕಿಕೊಳ್ಳಿ. ಪೊರಕೆಯಿಂದ ಒಣಗುಡಿಸದೆ ವ್ಯಾಕ್ಯೂಮ್ ಕ್ಲೀನರ್‌ನಿಂದ ಎಳೆಯಿರಿ. ನೀರು ಹೋಗುವ ಜಾಲರಿಯನ್ನು ಮುಚ್ಚಿಡಿ. ಗ್ರೌಟ್ ತೊಳೆದ ನೀರನ್ನೂ ಅಲ್ಲಿಗೆ ಸುರಿಯಬೇಡಿ, ಪೈಪಿನೊಳಗೆ ಗಟ್ಟಿಯಾಗುತ್ತದೆ. ಆಮೇಲೆ ಒಂದೆರಡು ದಿನ ಒಣಗಲು ಬಿಡಿ.

ತುಂಬುವುದು ಇದರ ಮುಂದೆ ಸುಲಭ. ಸಂದು 3 ಮಿ.ಮೀ.ಗಿಂತ ಕಿರಿದಾದರೆ ಮರಳಿಲ್ಲದ ಗ್ರೌಟ್, ಅಗಲವಾದರೆ ಮರಳು ಬೆರೆತದ್ದು. ನೀರನ್ನು ಪೊಟ್ಟಣದ ಮೇಲೆ ಹೇಳಿದಷ್ಟೇ ಅಳೆದು ಹಾಕಿ. ಸಲೀಸಾಗಲೆಂದು ನೀರು ಹೆಚ್ಚಿಸಿದರೆ ಒಣಗುವಾಗ ಕುಗ್ಗಿ ಬಿರಿಯುತ್ತದೆ, ಬಣ್ಣವೂ ಒಂದೊಂದು ಕಡೆ ಒಂದೊಂದು ಥರ. ಟೂತ್‌ಪೇಸ್ಟಿನ ಹದಕ್ಕೆ ಕಲಸಿ, ಐದು–ಹತ್ತು ನಿಮಿಷ ಬಿಟ್ಟು ಮತ್ತೊಮ್ಮೆ ತಿರುವಿ. ರಬ್ಬರ್ ಫ್ಲೋಟ್‌ನಿಂದ (ರಬ್ಬರ್ ತಳದ ಹಿಡಿಹಲಗೆ) ಸಂದಿಗೆ ಓರೆಯಾಗಿ, ಒತ್ತಿ ತುಂಬಿ. ತುಸು ಬಿಗಿಯಾದ ಮೇಲೆ ಚೆನ್ನಾಗಿ ಹಿಂಡಿದ ಸ್ಪಾಂಜಿನಿಂದ ಒರೆಸಿ. ನೀರು ತೊಟ್ಟಿಕ್ಕುವ ಸ್ಪಾಂಜ್ ತುಂಬಿದ್ದನ್ನೆಲ್ಲ ಕಿತ್ತುಕೊಂಡು ಬರುತ್ತದೆ. ಮೂರು ದಿನ ಸ್ನಾನಕ್ಕೆ ಬೇರೆ ಏರ್ಪಾಡು ಮಾಡಿಕೊಳ್ಳಿ.

ಸಿಮೆಂಟಿನ ಬದಲು ರಾಳದಿಂದ ಮಾಡಿದ ಎಪಾಕ್ಸಿ ಗ್ರೌಟ್ ನೀರು ಹೀರುವುದಿಲ್ಲ, ಕಲೆ ಕೂರುವುದಿಲ್ಲ, ನಿಜ. ಆದರೆ ಕಲಸಿದ ಮೇಲೆ ಬೇಗ ಬಿಗಿಯುತ್ತದೆ, ಟೈಲ್ಸ್ ಮೇಲೆ ಒಣಗಿದರೆ ತೆಗೆಯುವುದು ಭಾರಿ ಕಷ್ಟ. ಮೊದಲ ಸಲಕ್ಕೆ ನಾನು ಸಿಮೆಂಟ್ ಗ್ರೌಟನ್ನೇ ಹೇಳುತ್ತೇನೆ. ಪೂರ್ತಿ ಒಣಗಿದ ಮೇಲೆ, ನೀರು ಮತ್ತು ಕಲೆ ಬೇಗ ಹೀರದಂತೆ ತಡೆಯುವ ಸೀಲರ್ ಹಚ್ಚಿ. ಟಾಯ್ಲೆಟ್ ತೊಳೆಯುವ ಆ್ಯಸಿಡ್ ಸಿಮೆಂಟನ್ನು ತಿನ್ನುತ್ತದೆ, ನಿಮ್ಮ ಹಳೆಯ ಗ್ರೌಟ್ ಪುಡಿಯಾಗಲು ಅದೂ ಕಾರಣವಾಗಿರಬಹುದು. ಅದನ್ನು ಬ್ಲೀಚ್ ಜೊತೆಗಂತೂ ಎಂದೂ ಸೇರಿಸಬೇಡಿ, ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ.

ಪ್ರಶ್ನೆ: ಗೋಡೆ ಮತ್ತು ನೆಲ ಸೇರುವ ಮೂಲೆಯಲ್ಲಿ ಎಷ್ಟು ಸಲ ಗ್ರೌಟ್ ತುಂಬಿದರೂ ಕೂದಲೆಳೆ ಬಿರುಕು ಮೂಡುತ್ತದೆ. ಏಕೆ?

ಉತ್ತರ: ಗೋಡೆ, ನೆಲ ಎರಡೂ ಬಿಸಿಗೆ, ತೇವಕ್ಕೆ ಬೇರೆಬೇರೆಯಾಗಿ ಹಿಗ್ಗಿ ಕುಗ್ಗುತ್ತವೆ. ಗ್ರೌಟ್ ಬಾಗುವುದಿಲ್ಲ, ಬಿರಿಯುತ್ತದೆ. ಆ ಮೂಲೆಗೆ ಬೇಕಾದದ್ದು ಬಚ್ಚಲುಮನೆಗೆಂದೇ ಬರುವ, ಬೂಷ್ಟು ತಡೆಯುವ, ರಬ್ಬರಿನಂತೆ ಬಾಗುವ ಸಿಲಿಕೋನ್. ಇದ್ದ ಗ್ರೌಟನ್ನೆಲ್ಲ ಕೆರೆದು, ಪೂರ್ತಿ ಒಣಗಿಸಿ, ಎರಡೂ ಕಡೆ ಟೇಪ್ ಅಂಟಿಸಿ ಸಿಲಿಕೋನ್ ತುಂಬಿ. ಬೆರಳಾಡಿಸಿ ನಯಮಾಡಿ, ಅದು ಹಸಿಯಿರುವಾಗಲೇ ಟೇಪ್ ಎಳೆದುಬಿಡಿ.