ಓದುಗರ ಪ್ರಶ್ನೆ, ನಮ್ಮ ಉತ್ತರ: ಅಮೆರಿಕದ ಬಂದೂಕಿನಂಗಡಿಯಲ್ಲಿ ಏನೇನು ವಿಚಾರಿಸುತ್ತಾರೆ?

ಅಮೆರಿಕದಲ್ಲಿ ಸಂತೆಯಲ್ಲಿ ತರಕಾರಿ ಕೊಂಡಷ್ಟು ಸಲೀಸಾಗಿ ಬಂದೂಕು ಕೊಳ್ಳಬಹುದು ಎನ್ನುತ್ತಾರೆ. ಕೊಳ್ಳುವವರ ಪೂರ್ವಾಪರ ವಿಚಾರಿಸಿಯೇ ಕೊಡುತ್ತಾರೆ ಎಂದೂ ಓದಿದ್ದೇನೆ. ಯಾವುದು ನಿಜ? (ದಾವಣಗೆರೆಯ ಓದುಗರು)

ಎರಡೂ ನಿಜ. ಯಾರಿಂದ ಕೊಳ್ಳುತ್ತೀರಿ ಎನ್ನುವುದರ ಮೇಲೆ ಎಲ್ಲ ನಿಂತಿದೆ.

ಫೆಡರಲ್ (ಅಂದರೆ ಕೇಂದ್ರ ಸರ್ಕಾರದ) ಲೈಸೆನ್ಸ್ ಇರುವ ಅಂಗಡಿಯಾದರೆ ತಪಾಸಣೆ ತಪ್ಪಿದ್ದಲ್ಲ. ಗಿರಾಕಿ ಮೊದಲು ಫೋಟೊ ಇರುವ ಸರ್ಕಾರಿ ಗುರುತಿನ ಚೀಟಿ ಕೊಡಬೇಕು. ಅದರಲ್ಲಿ ಈಗಿನ ಮನೆ ವಿಳಾಸವೇ ಇರಬೇಕು. ಮನೆ ಬದಲಾಯಿಸಿ ಡ್ರೈವಿಂಗ್ ಲೈಸೆನ್ಸ್ ತಿದ್ದಿಸದವರು ಇಲ್ಲೇ ಸಿಕ್ಕಿಬೀಳುತ್ತಾರೆ. ಆಗ ಹೊಸ ವಿಳಾಸವಿರುವ ಇನ್ನೊಂದು ಸರ್ಕಾರಿ ಕಾಗದ, ಉದಾಹರಣೆಗೆ ವಾಹನ ನೋಂದಣಿ ಪತ್ರ, ಬೇಕಾಗುತ್ತದೆ. ಪಿಸ್ತೂಲಿಗೆ 21 ವರ್ಷ, ರೈಫಲ್ ಮತ್ತು ಶಾಟ್‌ಗನ್‌ಗೆ 18 ವರ್ಷ ಆಗಿರಬೇಕು ಎನ್ನುತ್ತದೆ ಫೆಡರಲ್ ಕಾನೂನು.

ಆಮೇಲೆ 4473 ಸಂಖ್ಯೆಯ ಫಾರಂ. ಗಿರಾಕಿ ಉತ್ತರಿಸಬೇಕಾದ ಪ್ರಶ್ನೆಗಳಲ್ಲಿ ಮುಖ್ಯವಾದದ್ದು, ‘ಈ ಬಂದೂಕಿನ ನಿಜವಾದ ಖರೀದಿದಾರ ನೀವೇನಾ?’ ಉಳಿದವು ಹೀಗಿವೆ: ಒಂದು ವರ್ಷಕ್ಕಿಂತ ಹೆಚ್ಚು ಶಿಕ್ಷೆ ವಿಧಿಸಬಹುದಾದ ಗಂಭೀರ ಅಪರಾಧದಲ್ಲಿ ದೋಷಿಯೇ, ಅಂಥ ಆರೋಪ ಬಾಕಿಯಿದೆಯೇ, ತಲೆಮರೆಸಿಕೊಂಡಿದ್ದೀರಾ, ಮಾದಕವಸ್ತು ಬಳಸುತ್ತೀರಾ, ನ್ಯಾಯಾಲಯ ಮಾನಸಿಕ ಅಸ್ವಸ್ಥರೆಂದು ತೀರ್ಮಾನಿಸಿದೆಯೇ, ಕೌಟುಂಬಿಕ ಹಿಂಸೆಯಲ್ಲಿ ಶಿಕ್ಷೆಯಾಗಿದೆಯೇ, ಯಾವ ವೀಸಾದಲ್ಲಿದ್ದೀರಿ. ಸುಳ್ಳು ಬರೆದರೆ ಅದೇ ಒಂದು ಅಪರಾಧ. ಅಂದಿನ ಅಧ್ಯಕ್ಷ ಜೋ ಬೈಡನ್ ಅವರ ಮಗ ಹಂಟರ್ ಬೈಡನ್ 2018ರಲ್ಲಿ ರಿವಾಲ್ವರ್ ಕೊಳ್ಳುವಾಗ ಮಾದಕವಸ್ತು ಬಳಸುತ್ತಿಲ್ಲವೆಂದು ಬರೆದದ್ದಕ್ಕೇ 2024ರಲ್ಲಿ ದೋಷಿಯಾದದ್ದು. ಡಿಸೆಂಬರಿನಲ್ಲಿ ಅಪ್ಪನೇ ಕ್ಷಮಾದಾನ ಕೊಟ್ಟರು, ಆ ಮಾತು ಬೇರೆ.

ಫಾರಂ ತುಂಬಿದ ಮೇಲೆ ಅಂಗಡಿಯವರು ಫೋನಿನಲ್ಲೋ ಕಂಪ್ಯೂಟರಿನಲ್ಲೋ ಎಫ್‌ಬಿಐ ನಡೆಸುವ ‘ನಿಕ್ಸ್’ ಎಂಬ ದಾಖಲೆ ತಪಾಸಣಾ ವ್ಯವಸ್ಥೆಯನ್ನು ಕೇಳುತ್ತಾರೆ. ಅದರ ಕೇಂದ್ರ ವೆಸ್ಟ್ ವರ್ಜೀನಿಯಾದ ಕ್ಲಾರ್ಕ್ಸ್‌ಬರ್ಗ್‌ನಲ್ಲಿದೆ. ಕೆಲವು ರಾಜ್ಯಗಳಲ್ಲಿ ಈ ಕೆಲಸ ರಾಜ್ಯದ ಇಲಾಖೆಯದೇ. 1981ರಲ್ಲಿ ಅಧ್ಯಕ್ಷ ರೇಗನ್ ಮೇಲೆ ನಡೆದ ದಾಳಿಯಲ್ಲಿ ತಲೆಗೆ ಗುಂಡು ತಗುಲಿದ ಪತ್ರಿಕಾ ಕಾರ್ಯದರ್ಶಿ ಜೇಮ್ಸ್ ಬ್ರಾಡಿ ಹೆಸರಿನ, ಈ ತಪಾಸಣೆಗೆ ಆಧಾರವಾದ ಕಾಯ್ದೆ 1993ರಲ್ಲಿ ಬಂತು. ನಿಕ್ಸ್ ಶುರುವಾದದ್ದು 1998ರ ನವೆಂಬರಿನಲ್ಲಿ. ಅಲ್ಲಿಂದ ಬರುವ ಉತ್ತರ ಮೂರು ಬಗೆಯದು: ‘ಕೊಡಿ’, ‘ತಡೆಯಿರಿ’, ‘ಕೊಡಬೇಡಿ’. ಹೆಚ್ಚಿನವರಿಗೆ ಕೆಲವೇ ನಿಮಿಷಗಳಲ್ಲಿ ‘ಕೊಡಿ’ ಬರುತ್ತದೆ, 30 ದಿನ ಊರ್ಜಿತವಾಗಿರುತ್ತದೆ.

ಮನೆಗೆ ಬಂದು ನೋಡುವುದಿಲ್ಲ, ಅಕ್ಕಪಕ್ಕದವರನ್ನು ಕೇಳುವುದಿಲ್ಲ, ವೈದ್ಯರ ಚೀಟಿ ಬೇಕಿಲ್ಲ. ಕಂಪ್ಯೂಟರಿನಲ್ಲಿ ದಾಖಲೆ ಇದೆಯೇ ಇಲ್ಲವೇ, ಅಷ್ಟೇ ಫೆಡರಲ್ ತಪಾಸಣೆ. ಕೆಲವು ರಾಜ್ಯಗಳು ಇದರ ಮೇಲೆ ಪರ್ಮಿಟ್, ಕಾಯುವ ಅವಧಿ ಇತ್ಯಾದಿ ಸೇರಿಸಿವೆ.

ಇಷ್ಟೆಲ್ಲ ಇದ್ದರೂ ಸಾಮೂಹಿಕ ಹತ್ಯೆ ಮಾಡಿದವರಲ್ಲಿ ಹಲವರು ಅಂಗಡಿಯಲ್ಲೇ, ತಪಾಸಣೆ ಮುಗಿಸಿಯೇ ಕೊಂಡಿದ್ದರಂತೆ. ಹೇಗೆ ಸಾಧ್ಯ? (ಶಿವಮೊಗ್ಗದ ಕಾನೂನು ವಿದ್ಯಾರ್ಥಿ)

ಚಾರ್ಲ್‌ಸ್ಟನ್ ಪ್ರಕರಣವನ್ನು ದಿನದ ಲೆಕ್ಕದಲ್ಲಿ ನೋಡಿ. 2015ರ ಏಪ್ರಿಲ್ 11, ಶನಿವಾರ. ದಕ್ಷಿಣ ಕೆರೊಲಿನಾದ ಅಂಗಡಿಯೊಂದರಲ್ಲಿ ಡಿಲನ್ ರೂಫ್ ಪಿಸ್ತೂಲು ಕೇಳಿದ. ಹಳೆಯ ಬಂಧನದ ಸುಳಿವು ಸಿಕ್ಕಿ ನಿಕ್ಸ್ ‘ತಡೆಯಿರಿ’ ಎಂದಿತು. ಸೋಮವಾರ ಕಡತ ತೆರೆದ ಎಫ್‌ಬಿಐ ಸಿಬ್ಬಂದಿಗೆ ಮಾದಕವಸ್ತು ಪ್ರಕರಣ ಕಂಡಿತು, ಶಿಕ್ಷೆಯ ವಿವರ ಕಾಣಲಿಲ್ಲ. ಬಂಧಿಸಿದ್ದು ಕೊಲಂಬಿಯಾ ನಗರದ ಪೊಲೀಸರು. ದಾಖಲೆಯಲ್ಲಿದ್ದದ್ದು ಲೆಕ್ಸಿಂಗ್ಟನ್ ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ಹೆಸರು. ಕೌಂಟಿಯವರು ‘ಈ ಪ್ರಕರಣ ನಮ್ಮದಲ್ಲ’ ಎಂದರು. ಆತ ಮಾದಕವಸ್ತು ಇಟ್ಟುಕೊಂಡಿದ್ದನ್ನು ಒಪ್ಪಿಕೊಂಡಿದ್ದ ಪೊಲೀಸ್ ವರದಿ ಕೈಗೆ ಸಿಕ್ಕಿದ್ದರೆ ಮಾರಾಟ ಅಲ್ಲಿಗೇ ನಿಲ್ಲುತ್ತಿತ್ತು. ಆದರೆ ಮೂರು ಕೆಲಸದ ದಿನಗಳೊಳಗೆ ಖಚಿತ ಉತ್ತರ ಬರದಿದ್ದರೆ ಅಂಗಡಿಯವರು ಬಂದೂಕು ಕೊಡಬಹುದು ಎಂದು ಕಾಯ್ದೆಯೇ ಹೇಳುತ್ತದೆ. ಸೋಮ, ಮಂಗಳ, ಬುಧ ಕಳೆದವು. ಗುರುವಾರ 16ರಂದು ಪಿಸ್ತೂಲು ಅವನ ಕೈ ಸೇರಿತು. ಜೂನ್ 17ರಂದು ಚಾರ್ಲ್‌ಸ್ಟನ್ ನಗರದ ಇಮ್ಯಾನುಯೆಲ್ ಚರ್ಚಿನಲ್ಲಿ ಅವನ ಗುಂಡಿಗೆ ಒಂಬತ್ತು ಮಂದಿ ಕಪ್ಪು ಜನಾಂಗದವರು ಹತರಾದರು. ಲೋಪವಾದದ್ದನ್ನು ಎಫ್‌ಬಿಐ ನಿರ್ದೇಶಕರೇ ಬಹಿರಂಗವಾಗಿ ಒಪ್ಪಿಕೊಂಡರು.

ಇಲ್ಲಿ ಗಡುವು ಸರ್ಕಾರಕ್ಕೆ, ಕೊಳ್ಳುವವನಿಗಲ್ಲ. ಕಾಯ್ದೆ ಹಾಗೆ ಬರೆದದ್ದು ಉದ್ದೇಶಪೂರ್ವಕವಾಗಿಯೇ: ಅಧಿಕಾರಿಗಳು ಕಡತ ಮುಚ್ಚಿಟ್ಟುಕೊಂಡು ಹಕ್ಕನ್ನು ಕಸಿಯಬಾರದೆಂದು. ವಾದದಲ್ಲಿ ಹುರುಳಿದೆ. ಮೂರೇ ದಿನ ಎನ್ನುವುದು ಮಾತ್ರ ತೀರಾ ಕಡಿಮೆ ಎಂಬುದು ನಮ್ಮ ಅಭಿಪ್ರಾಯ. ದೊಡ್ಡ ಅಂಗಡಿಗಳು ಮನಸ್ಸು ಮಾಡಿದರೆ ಮೂರು ದಿನ ಕಳೆದ ಮೇಲೂ ಉತ್ತರ ಬರುವತನಕ ಕಾಯಬಹುದು, ಅದಕ್ಕೆ ಅಡ್ಡಿಯಿಲ್ಲ.

ಉಳಿದ ಕೆಲವು ಪ್ರಕರಣಗಳಲ್ಲಿ ದಾಖಲೆ ನಿಕ್ಸ್‌ಗೆ ತಲುಪಿಯೇ ಇರಲಿಲ್ಲ. 2007ರಲ್ಲಿ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದಲ್ಲಿ 32 ಮಂದಿಯನ್ನು ಕೊಂದವನಿಗೆ ಅದಕ್ಕೂ ಮೊದಲೇ, 2005ರಲ್ಲಿ, ಹೊರರೋಗಿಯಾಗಿ ಮಾನಸಿಕ ಚಿಕಿತ್ಸೆ ಪಡೆಯಬೇಕೆಂಬ ನ್ಯಾಯಾಂಗದ ಆದೇಶವಿತ್ತು. ವರ್ಜೀನಿಯಾ ಆಗ ಒಳರೋಗಿಗಳ ಹೆಸರನ್ನಷ್ಟೇ ಕಳಿಸುತ್ತಿತ್ತು. 2017ರಲ್ಲಿ ಟೆಕ್ಸಾಸ್‌ನ ಸದರ್ಲೆಂಡ್ ಸ್ಪ್ರಿಂಗ್ಸ್ ಚರ್ಚಿನಲ್ಲಿ ಗುಂಡು ಹಾರಿಸಿದವನು ಹೆಂಡತಿ, ಮಲಮಗನನ್ನು ಹೊಡೆದದ್ದಕ್ಕೆ ವಾಯುಪಡೆಯ ಸೇನಾ ನ್ಯಾಯಾಲಯದಲ್ಲಿ ಶಿಕ್ಷೆ ಅನುಭವಿಸಿದ್ದವನು. ವಾಯುಪಡೆ ಅವನ ಬೆರಳಚ್ಚನ್ನೂ ತೀರ್ಪನ್ನೂ ಎಫ್‌ಬಿಐಗೆ ಕಳಿಸಲೇ ಇಲ್ಲ. ಅಲ್ಲಿ ಸತ್ತವರ ಕುಟುಂಬಗಳು ಹೂಡಿದ ದಾವೆಯಲ್ಲಿ ಶೇ 60ರಷ್ಟು ಹೊಣೆ ಸರ್ಕಾರದ್ದೇ ಎಂದು 2021ರಲ್ಲಿ ಫೆಡರಲ್ ನ್ಯಾಯಾಧೀಶರು ತೀರ್ಪಿತ್ತರು. ಈ ಎರಡು ಘಟನೆಗಳ ಬೆನ್ನಿಗೇ ವರದಿ ಕಳಿಸುವುದನ್ನು ಬಿಗಿಗೊಳಿಸುವ ಕಾನೂನುಗಳು ಬಂದವು.

ಮೂರನೆಯ ಬಗೆಯವರ ಮೇಲೆ ದಾಖಲೆಯೇ ಇರುವುದಿಲ್ಲ. 2022ರ ಮೇ ತಿಂಗಳಲ್ಲಿ ಟೆಕ್ಸಾಸ್‌ನ ಯುವಾಲ್ಡೆ ಊರಿನ ಶಾಲೆಯಲ್ಲಿ 19 ಮಕ್ಕಳನ್ನೂ ಇಬ್ಬರು ಶಿಕ್ಷಕಿಯರನ್ನೂ ಕೊಂದವನು 18 ತುಂಬಿದ ಕೂಡಲೇ ಕಾನೂನುಬದ್ಧವಾಗಿ ರೈಫಲ್ ಕೊಂಡಿದ್ದ. ಮುಂದಿನ ತಿಂಗಳೇ ಬಂದ ಕಾಯ್ದೆಯಂತೆ 21ರೊಳಗಿನವರ ಬಾಲ್ಯದ ದಾಖಲೆಗಳನ್ನೂ ಕೇಳಬೇಕು, ಅನುಮಾನ ಬಂದರೆ 10 ಕೆಲಸದ ದಿನಗಳವರೆಗೆ ತಡೆಯಬಹುದು.

ಹಾಗಾದರೆ ‘ಎಲ್ಲ ಮಾರಾಟಕ್ಕೂ ತಪಾಸಣೆ’ ಎಂಬ ಬೇಡಿಕೆ ಏಕೆ ಇಷ್ಟು ವಿವಾದ? (ಮೈಸೂರಿನ ನಿವೃತ್ತ ಶಿಕ್ಷಕರು)

ಫೆಡರಲ್ ಕಾನೂನಿನಲ್ಲಿ ತಪಾಸಣೆಯ ಹೊಣೆ ಲೈಸೆನ್ಸ್ ಇರುವ ವ್ಯಾಪಾರಿಯದು ಮಾತ್ರ. ಒಂದೇ ರಾಜ್ಯದಲ್ಲಿರುವ ಇಬ್ಬರು ಖಾಸಗಿ ವ್ಯಕ್ತಿಗಳು ತಮ್ಮತಮ್ಮಲ್ಲೇ ಮಾರಿಕೊಂಡರೆ ಫಾರಂ ಇಲ್ಲ, ಫೋನಿಲ್ಲ. ಅನರ್ಹನೆಂದು ಗೊತ್ತಿದ್ದೂ ಮಾರುವುದು ಅಪರಾಧ. ಆದರೆ ಕೇಳಲೇಬೇಕೆಂಬ ಕಟ್ಟುಪಾಡು ಇಲ್ಲದಿರುವಾಗ ‘ಗೊತ್ತಿತ್ತು’ ಎಂದು ರುಜುವಾತು ಮಾಡುವುದು ಕಷ್ಟ. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್, ಕೊಲರಾಡೊ, ವಾಷಿಂಗ್ಟನ್ ಮುಂತಾದ ರಾಜ್ಯಗಳು ಖಾಸಗಿ ಮಾರಾಟವೂ ಅಂಗಡಿಯ ಮೂಲಕವೇ ಆಗಬೇಕೆಂದು ಮಾಡಿಕೊಂಡಿವೆ. ಟೆಕ್ಸಾಸ್‌ನಲ್ಲಿ ಆ ನಿಯಮವಿಲ್ಲ.

ವಿರೋಧಿಸುವವರ ತರ್ಕವನ್ನು ನಮ್ಮ ಪತ್ರಿಕೆಗಳು ಸರಿಯಾಗಿ ಹೇಳುವುದು ಕಡಿಮೆ. ಯಾರ ಬಳಿ ಯಾವ ಬಂದೂಕು ಇದೆ ಎಂಬ ಪಟ್ಟಿ ಇಲ್ಲದೆ ಖಾಸಗಿ ಮಾರಾಟದ ನಿಯಮವನ್ನು ಜಾರಿ ಮಾಡುವುದು ಹೇಗೆ? ಪಟ್ಟಿ ಮಾಡಿದರೆ ನಾಳೆ ಜಪ್ತಿಗೆ ಅದೇ ದಾರಿಯಾಗುವುದಿಲ್ಲವೇ? ಇದು ಅವರ ಪ್ರಶ್ನೆ. ಫೆಡರಲ್ ನೋಂದಣಿ ಪಟ್ಟಿಯನ್ನು 1986ರ ಕಾಯ್ದೆಯೇ ನಿಷೇಧಿಸಿದೆ. ‘ಕೊಡಿ’ ಎಂದು ಉತ್ತರ ಬಂದ ಗಿರಾಕಿಯ ವಿವರವನ್ನು ನಿಕ್ಸ್ 24 ಗಂಟೆಯೊಳಗೆ ಅಳಿಸಬೇಕು. 4473 ಕಾಗದ ಅಂಗಡಿಯಲ್ಲೇ ಉಳಿಯುತ್ತದೆ, ಅಂಗಡಿ ಮುಚ್ಚಿದಾಗ ಮಾತ್ರ ಸರ್ಕಾರಕ್ಕೆ ಹೋಗುತ್ತದೆ. ಅಲ್ಲಿಯೂ ಹೆಸರು ಹಾಕಿ ಹುಡುಕುವಂತಿಲ್ಲ.

2012ರ ಸ್ಯಾಂಡಿ ಹುಕ್ ಶಾಲೆಯ ಹತ್ಯಾಕಾಂಡದ ನಂತರ ಬಂದೂಕು ಮೇಳದ ಮತ್ತು ಅಂತರ್ಜಾಲ ಜಾಹೀರಾತಿನ ಮಾರಾಟಕ್ಕೂ ತಪಾಸಣೆ ತರುವ ತಿದ್ದುಪಡಿ 2013ರ ಏಪ್ರಿಲ್‌ನಲ್ಲಿ ಸೆನೆಟ್‌ಗೆ ಬಂತು. ಪರ 54, ವಿರೋಧ 46. ಬೇಕಿದ್ದದ್ದು 60. ಅಲ್ಲಿಗೆ ಬಿತ್ತು.

ಖಾಸಗಿ ಮಾರಾಟದ ಕಂಡಿ ಮುಚ್ಚಲೇಬೇಕು ಎಂಬುದು ನಮ್ಮ ನಿಲುವು. ಆದರೆ ಹಿಂದಿನ ಉತ್ತರದಲ್ಲಿ ಹೇಳಿದ ನಾಲ್ಕೂ ಪ್ರಕರಣಗಳಲ್ಲಿ ಬಂದೂಕು ಹೋದದ್ದು ಲೈಸೆನ್ಸ್ ಇರುವ ವ್ಯಾಪಾರಿಗಳಿಂದ. ಕೌಂಟಿಯ ಗುಮಾಸ್ತ ತೀರ್ಪನ್ನು ಕಂಪ್ಯೂಟರಿಗೆ ಏರಿಸದಿದ್ದರೆ ಎಷ್ಟು ಮಾರಾಟವನ್ನು ತಪಾಸಣೆಗೆ ಒಳಪಡಿಸಿದರೂ ಉತ್ತರ ‘ಕೊಡಿ’ ಎಂದೇ ಬರುತ್ತದೆ. ಈ ಕೆಲಸಕ್ಕೆ ಮತಭೇದವಿಲ್ಲ, ಹಣ ಮತ್ತು ಸಿಬ್ಬಂದಿ ಬೇಕು. ಭಾಷಣಕ್ಕೆ ಒದಗುವ ವಿಷಯವಲ್ಲದ್ದರಿಂದ ಹಿಂದೆ ಬಿದ್ದಿದೆ.

ನಾನು ಎಚ್-1ಬಿ ವೀಸಾದಲ್ಲಿ ಡಲ್ಲಾಸ್‌ನಲ್ಲಿದ್ದೇನೆ. ಮನೆ ರಕ್ಷಣೆಗೆ ಪಿಸ್ತೂಲು ಕೊಳ್ಳಬಹುದೇ? ಇಲ್ಲವಾದರೆ ಪೌರತ್ವ ಇರುವ ಗೆಳೆಯ ಕೊಂಡು ಕೊಟ್ಟರೆ? (ಡಲ್ಲಾಸ್‌ನ ಓದುಗರು)

ಗೆಳೆಯನ ಮಾತನ್ನು ಮೊದಲು ಮರೆತುಬಿಡಿ. ಬೇರೆಯವರಿಗಾಗಿ ತನ್ನ ಹೆಸರಲ್ಲಿ ಕೊಳ್ಳುವುದು ಬೇನಾಮಿ ಖರೀದಿ. 2022ರ ಕಾಯ್ದೆಯಂತೆ ಅದಕ್ಕೆ 15 ವರ್ಷದವರೆಗೆ ಜೈಲು. ‘ಉಡುಗೊರೆ ಕೊಟ್ಟೆ’ ಎಂಬ ಸಬೂಬೂ ನಡೆಯದು, ಏಕೆಂದರೆ ಪಡೆಯುವ ನೀವೇ ಅನರ್ಹರು.

ಎಚ್-1ಬಿ, ಎಫ್-1 ಥರದ ತಾತ್ಕಾಲಿಕ ವೀಸಾದಲ್ಲಿರುವವರು ಬಂದೂಕನ್ನಾಗಲಿ ತೋಟೆಯನ್ನಾಗಲಿ ಕೊಳ್ಳುವಂತಿಲ್ಲ, ಇಟ್ಟುಕೊಳ್ಳುವಂತಿಲ್ಲ. ಕೆಲವು ವಿನಾಯಿತಿಗಳಿವೆ. ಅವುಗಳಲ್ಲಿ ಸಾಮಾನ್ಯವಾಗಿ ಬಳಕೆಯಲ್ಲಿರುವುದು ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್. ಅದರ ಅವಧಿ ಮುಗಿದ ದಿನವೇ ಮನೆಯಲ್ಲಿರುವ ಬಂದೂಕು ಅಪರಾಧವಾಗುತ್ತದೆ, ವೀಸಾಕ್ಕೂ ಕುತ್ತು. ಈ ಹಾದಿ ಹಿಡಿಯುವವರು ಮೊದಲು ವಲಸೆ ವಕೀಲರನ್ನು ಕಾಣಲಿ. ಗೆಳೆಯರೊಡನೆ ಶೂಟಿಂಗ್ ರೇಂಜಿಗೆ ಹೋಗುವಾಗಲೂ ಎಚ್ಚರ: ಬಾಡಿಗೆ ಪಿಸ್ತೂಲನ್ನು ಕೈಯಲ್ಲಿ ಹಿಡಿಯುವುದೂ ‘ಹೊಂದುವುದೇ’.

ಗ್ರೀನ್ ಕಾರ್ಡ್ ಬಂದ ಮೇಲೆ ಕೊಳ್ಳಬಹುದು. ಆಗ ನಮ್ಮವರಿಗೆ ಎದುರಾಗುವ ತೊಡಕು ಹೆಸರಿನದು. ಫಾರಂನಲ್ಲಿ ಪೂರ್ಣ ಹೆಸರು ಬೇಕು. ಕಾನೂನುಬದ್ಧ ಹೆಸರಲ್ಲೇ ಬರೀ ಇನಿಶಿಯಲ್ ಇದ್ದರೆ ಅದರ ಮುಂದೆ ‘ಐಒ’ ಎಂದೂ, ಮಧ್ಯದ ಹೆಸರೇ ಇಲ್ಲದಿದ್ದರೆ ‘ಎನ್‌ಎಂಎನ್’ ಎಂದೂ ಬರೆಯಬೇಕು. ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಐಚ್ಛಿಕ. ಆದರೂ ಬರೆಯುವುದು ಒಳ್ಳೆಯದು, ಅದೇ ಹೆಸರಿನ ಇನ್ನೊಬ್ಬರ ಪ್ರಕರಣ ನಿಮ್ಮ ತಲೆಗೆ ಸುತ್ತಿಕೊಳ್ಳುವುದು ತಪ್ಪುತ್ತದೆ. ಆದರೂ ಪ್ರತಿ ಸಲ ತಡೆಯಾದರೆ ಎಫ್‌ಬಿಐಗೆ ಬೆರಳಚ್ಚು ಸಲ್ಲಿಸಿ ‘ಯುಪಿಐಎನ್’ ಎಂಬ ವಿಶಿಷ್ಟ ಸಂಖ್ಯೆ ಪಡೆದು, ಮುಂದಿನ ಖರೀದಿಯಲ್ಲಿ ಫಾರಂನಲ್ಲಿ ನಮೂದಿಸಬಹುದು.

ನಮ್ಮಲ್ಲಿ ಕೋವಿ ಲೈಸೆನ್ಸಿಗೆ ಅಲೆದಾಟವೋ ಅಲೆದಾಟ. ಅಮೆರಿಕದ ಪದ್ಧತಿ ನಮಗೇಕಿಲ್ಲ? (ತೀರ್ಥಹಳ್ಳಿಯ ಅಡಿಕೆ ಬೆಳೆಗಾರರು)

ಬುಡವೇ ಬೇರೆ. ಅಲ್ಲಿ ಬಂದೂಕು ಸಂವಿಧಾನದ ಎರಡನೇ ತಿದ್ದುಪಡಿಯ ಹಕ್ಕು, ಅದು ವ್ಯಕ್ತಿಯ ಹಕ್ಕೆಂದು 2008ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕೊಡಬಾರದೆನ್ನಲು ಸರ್ಕಾರ ಕಾರಣ ತೋರಿಸಬೇಕು. ಇಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಮೊದಲು ಲೈಸೆನ್ಸ್, ಆಮೇಲೆ ಕೋವಿ. ಹಂದಿ ಕಾಟವೋ ಜೀವಭಯವೋ, ಕಾರಣ ತೋರಿಸಬೇಕಾದವರು ನೀವು. ಠಾಣೆಯಿಂದ ವರದಿ ತರಿಸಿಕೊಂಡು ತೀರ್ಮಾನಿಸುವವರು ಜಿಲ್ಲಾಧಿಕಾರಿ, ಬೆಂಗಳೂರಿನಂಥ ನಗರದಲ್ಲಿ ಪೊಲೀಸ್ ಕಮಿಷನರ್. 2019ರ ತಿದ್ದುಪಡಿಯ ನಂತರ ಒಬ್ಬರಿಗೆ ಎರಡೇ ಬಂದೂಕು, ಲೈಸೆನ್ಸ್ ಅವಧಿ ಐದು ವರ್ಷ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿ ಪ್ರತ್ಯೇಕ. ಕೇಂದ್ರ ಅದನ್ನು 2029ರವರೆಗೆ ವಿಸ್ತರಿಸಿದೆ.

ಮಗಳು-ಅಳಿಯನ ಮನೆಗೆ ಆರು ತಿಂಗಳಿಗೆ ಹೊರಟಿದ್ದೇವೆ. ಅವರಲ್ಲಿ ಪಿಸ್ತೂಲು ಇದೆಯಂತೆ, ಮೊಮ್ಮಗನಿಗೆ ನಾಲ್ಕು ವರ್ಷ. ಏನು ಕೇಳಬೇಕು? (ಹುಬ್ಬಳ್ಳಿಯ ಅಜ್ಜಿ)

ಮೂರು ಮಾತು ಕೇಳಿ: ಕಪಾಟಿಗೆ ಬೀಗ ಇದೆಯೇ, ಗುಂಡು ಬೇರೆ ಕಡೆ ಇದೆಯೇ, ಕೀಲಿಯೋ ಕೋಡ್ ಸಂಖ್ಯೆಯೋ ಯಾರ ಬಳಿ ಇದೆ. ಪಿಸ್ತೂಲು ಮಾರುವಾಗ ಬೀಗ ಅಥವಾ ಸುರಕ್ಷಿತವಾಗಿಡುವ ಸಾಧನವನ್ನು ಅಂಗಡಿಯವರು ಕೊಡಲೇಬೇಕೆಂಬ ಕಾನೂನು 2005ರಿಂದ ಇದೆ, ಹಾಗಾಗಿ ‘ಬೀಗ ಸಿಗಲಿಲ್ಲ’ ಎಂಬ ಮಾತು ಬೇಡ. ದಿಂಬಿನಡಿ, ಬೀರುವಿನ ಮೇಲಿನ ಹಲಗೆ ಅಡಗುತಾಣಗಳಲ್ಲ, ನಾಲ್ಕು ವರ್ಷದ ಮಗು ಕುರ್ಚಿ ಎಳೆದುಕೊಂಡು ಹತ್ತುತ್ತದೆ. ಸಂದರ್ಶಕ ವೀಸಾದಲ್ಲಿ ಹೋಗುವ ನೀವಿಬ್ಬರೂ ಅದನ್ನು ಮುಟ್ಟಲೇಬೇಡಿ, ಕೀಲಿಯನ್ನೂ ನಿಮ್ಮ ವಶಕ್ಕೆ ಪಡೆಯಬೇಡಿ. ಡಲ್ಲಾಸ್‌ನ ಓದುಗರಿಗೆ ಹೇಳಿದ ನಿರ್ಬಂಧ ನಿಮಗೂ ಅನ್ವಯಿಸುತ್ತದೆ.