ಕುಂಡದ ಮಣ್ಣಿನಲ್ಲಿ ಜಿಗಿಯುವ ಬಿಳಿ ಹುಳ ಯಾವುದು? ಔಷಧ ಹೊಡೀಬೇಕಾ?

ಹುಬ್ಬಳ್ಳಿಯ ನಿಮ್ಮ ಮನೆಯಲ್ಲಿ ಕರಿಬೇವಿನ ಕುಂಡಕ್ಕೆ ನೀರು ಹಾಕಿದ ಕೂಡಲೇ ರವೆಯಷ್ಟು ಸಣ್ಣ ಬಿಳಿ ಹುಳ ಪಟಪಟ ಜಿಗಿಯುತ್ತವೆ ಅಂದಿದ್ದೀರಿ. ಔಷಧ ಬೇಡ, ತಡೀರಿ. ಮೊದಲು ಹುಳ ಯಾವುದು ನೋಡೋಣ.

ಒಂದು ಚಮಚ ಮಣ್ಣನ್ನು ಬಿಳಿ ಬಸಿಗೆ ಹಾಕಿ ನೀರು ಬಿಡಿ. ಹುಳ ಮುಳುಗದೆ ತೇಲಿ, ಬೆರಳು ತಂದರೆ ಚಂಗನೆ ಹಾರಿದರೆ ಅದು ಸ್ಪ್ರಿಂಗ್‌ಟೇಲ್. 10 ಪಟ್ಟು ದೊಡ್ಡದು ಮಾಡುವ ಭೂತಗನ್ನಡಿಯಲ್ಲಿ ನೋಡಿದರೆ ಹೊಟ್ಟೆ ಕೆಳಗೆ ಮಡಚಿಟ್ಟ ಕವಲು ಬಾಲ ಕಾಣುತ್ತದೆ. ಅದನ್ನು ಒಂದು ಪುಟ್ಟ ಕೊಕ್ಕೆ ಹಿಡಿದಿರುತ್ತದೆ. ಕೊಕ್ಕೆ ಬಿಟ್ಟಿತೋ, ಬಾಲ ನೆಲಕ್ಕೆ ಬಡಿದು ಹುಳ ಗಾಳಿಯಲ್ಲಿ! ಕಾಲು 6 ಇದ್ದರೂ ಈಗ ಇದನ್ನು ಕೀಟಗಳಿಂದ ಬೇರೆ ಇಡುತ್ತಾರೆ. ತಿನ್ನೋದು ಕೊಳೆತ ಎಲೆ, ಬೂಷ್ಟು. ಜಾಸ್ತಿ ಕಂಡರೆ ನೀರು ಜಾಸ್ತಿ ಆಗಿದೆ ಅಂತ ಅರ್ಥ, ಅಷ್ಟೇ.

ಧಾರವಾಡದ ನಮ್ಮ ಹಿತ್ತಲಲ್ಲಿ ಮೊದಲ ಸಲ ಕಂಡಾಗ ನಾನೂ ಹೆದರಿ ಔಷಧ ಸುರಿದಿದ್ದೆ. ಮರುದಿನ ಎರೆಹುಳಗಳು ಮೇಲೆ ಬಂದು ಸತ್ತು ಬಿದ್ದಿದ್ದವು. ಈಗಲೂ ಬೇಜಾರಾಗುತ್ತದೆ.

ಕಾಲು 8 ಇದ್ದರೆ ನುಸಿ. ಮಿರಗದ ಮಳೆ ಬಿದ್ದಾಗ ಹೊಲದಲ್ಲಿ ಕೆಂಪು ಮಕಮಲ್ಲಿನ ಗುಂಡಿಯಂತೆ ಹರಿದಾಡುವ ಹುಳ ನೋಡಿದ್ದೀರಲ್ವಾ, ಅದೂ ನುಸಿ ಜಾತಿಯೇ. ಕಲ್ಲು ಎತ್ತಿದರೆ ಬೂದು ಬಣ್ಣದ, 14 ಕಾಲಿನದು ಸಿಕ್ಕೀತು. ಅದು ಏಡಿಯ ಬಳಗ.

ಹೆದರಬೇಕಾದ್ದು ಬೇರೆ. ಜಿಗಿಯದೆ, ಬೇರಿಗೆ ಬಿಳಿ ಹಿಟ್ಟಿನಂತೆ ಅಂಟಿಕೊಂಡಿದ್ದರೆ ಹಿಟ್ಟು ತಿಗಣೆ. ಕಂದು ತಲೆ, ದಪ್ಪ ಬಿಳಿ ಮೈ, ಅರ್ಧಚಂದ್ರದಂತೆ ಬಾಗಿ ಮಲಗಿದ್ದರೆ ಗೊಣ್ಣೆ ಹುಳ. ಅದು ಬೇರು ತಿನ್ನುತ್ತದೆ, ಕೈಯಿಂದ ಆರಿಸಿ ತೆಗೆಯಿರಿ. ತಿಪ್ಪೆಯಲ್ಲಿ ಸಿಗುವ ಅಂಥದ್ದೇ ಹುಳ ಎಷ್ಟೋ ಸಲ ಗೊಬ್ಬರವನ್ನೇ ತಿಂದುಕೊಂಡಿರುತ್ತದೆ, ಅದರ ಪಾಡಿಗೆ ಬಿಡಿ.

ಇನ್ನೂ ನೋಡುವ ಆಸೆಯಿದ್ದರೆ ಪ್ಲಾಸ್ಟಿಕ್ ಬಾಟಲಿ ಕತ್ತರಿಸಿ, ಮೇಲ್ಭಾಗವನ್ನು ತಲೆಕೆಳಗಾಗಿ ಕೆಳಭಾಗದೊಳಗೆ ಕೂರಿಸಿ. ಬಾಯಿಗೆ ಸೊಳ್ಳೆ ಪರದೆಯ ತುಂಡು, ಅದರ ಮೇಲೆ ಮಣ್ಣು, ತಳಕ್ಕೆ ಒದ್ದೆ ಕಾಗದ. ಮೇಲೆ ಹಳೇ ಕಾಲದ, ಬಿಸಿಯಾಗುವ ಬಲ್ಬ್ ಹಚ್ಚಿಡಿ. ಎಲ್‌ಇಡಿ ಇದಕ್ಕೆ ಆಗಲ್ಲ. ಬಿಸಿಗೆ, ಬೆಳಕಿಗೆ ಹುಳಗಳು ಕೆಳಗಿಳಿದು ಬೀಳುತ್ತವೆ. 1905ರಲ್ಲಿ ಇಟಲಿಯ ಕೀಟ ವಿಜ್ಞಾನಿ ಬರ್ಲೆಸೆ ಇಂಥದ್ದೇ ಒಂದು ಆಲಿಕೆ ಮಾಡಿದ್ದ.

ಕರಿಬೇವಿಗೆ ಎರಡು ದಿನ ನೀರು ಹಾಕಬೇಡಿ. ಮೇಲಿನ ಒಂದು ಇಂಚು ಮಣ್ಣು ಒಣಗಿದರೆ ಜಿಗಿದಾಟ ತಾನೇ ಕಡಿಮೆ ಆಗುತ್ತದೆ.